ಮೇಲಿನ ಸ್ವರಗಳಿಗೆ ಕಂಠ ಒಲಿಯಲು

ಪ್ರಶ್ನೆ: ತಾರಸ್ಥಾಯಿಯಲ್ಲಿ ಹಾಡುವಾಗ ನನ್ನ ಗಂಟಲು ಬಿಗಿಯುತ್ತದೆ, ಧ್ವನಿ ಒಡೆಯುತ್ತದೆ. ಅಭ್ಯಾಸದಿಂದ ಕಂಠದ ವ್ಯಾಪ್ತಿಯನ್ನು ಹೆಚ್ಚಿಸಿಕೊಳ್ಳಬಹುದೇ?

ಉತ್ತರ: ಖಂಡಿತ ಹೆಚ್ಚಿಸಿಕೊಳ್ಳಬಹುದು, ಆದರೆ ಬಲವಂತದಿಂದಲ್ಲ. ಸ್ವರ ಏರಬೇಕಾದರೆ ಧ್ವನಿತಂತುಗಳು ಹಿಗ್ಗಿ, ತೆಳುವಾಗಿ, ಹೆಚ್ಚು ವೇಗದಲ್ಲಿ ಕಂಪಿಸಬೇಕು. ಉಸಿರನ್ನು ಜೋರಾಗಿ ತಳ್ಳಿ ಕೂಗಿದರೆ ಅವು ಒಂದಕ್ಕೊಂದು ಒತ್ತಿಕೊಂಡು, ನೀವು ಹೇಳುವ ಬಿಗಿತ ಉಂಟಾಗುತ್ತದೆ. ಆದ್ದರಿಂದ ತುಟಿಗಳನ್ನು ಸಡಿಲವಾಗಿ ಅದುರಿಸುತ್ತಲೋ, ಕಿರಿದಾದ ಕೊಳವೆಯ ಮೂಲಕ ಗುನುಗುತ್ತಲೋ, ಕೆಳಗಿನಿಂದ ಮೇಲಕ್ಕೆ ಮೆಲುದನಿಯಲ್ಲಿ ಜಾರುವ ಸಾಧನೆಯನ್ನು ದಿನವೂ 10 ನಿಮಿಷ ಮಾಡಿ, ಸಲೀಸಾಗಿ ನಿಲ್ಲುವ ಸ್ವರದಿಂದ ಅರ್ಧ ಸ್ವರದಷ್ಟೇ ಮುಂದಕ್ಕೆ ಹೋಗಿ. (ಆತುರಗಾರರಿಗೆ ಈ ಸಲಹೆ ರುಚಿಸುವುದಿಲ್ಲವೆಂದು ಬಲ್ಲೆ.) ಮಂದ್ರದ, ಅಂದರೆ ಕೆಳಗಿನ ಸ್ವರಗಳ, ಮಿತಿಯನ್ನು ತಂತುಗಳ ಉದ್ದ, ದಪ್ಪಗಳೇ ಬಹುಮಟ್ಟಿಗೆ ನಿರ್ಧರಿಸುವುದರಿಂದ ಅಲ್ಲಿ ಹೆಚ್ಚಿನದನ್ನು ನಿರೀಕ್ಷಿಸಬೇಡಿ. ನೋವು ಕಂಡರೆ ಅಂದಿಗೆ ನಿಲ್ಲಿಸಿ. ಗೊಗ್ಗರು ದನಿ 3 ವಾರ ಕಳೆದರೂ ಹೋಗದಿದ್ದರೆ ಗಂಟಲಿನ ತಜ್ಞರನ್ನು ಕಾಣಿ.