ಪೆನ್ಸಿಲ್ ಗೆರೆ ಬೀಳದ ಅಧ್ಯಾಯ

ಫ್ಯಾನ್ ಫಿಕ್ಷನ್, ಅಂದರೆ ಬೇರೆಯವರ ಪುಸ್ತಕ, ಸಿನಿಮಾಗಳ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳು ಕಟ್ಟುವ ಕಥೆ, ಬರೆಯುವ ಹುಡುಗ ಹುಡುಗಿಯರು ಈಚೆಗೆ ಆಪ್ತ ಸಲಹೆಗೆಂದು ನನ್ನ ಬಳಿ ಬರುವುದು ಜಾಸ್ತಿಯಾಗಿದೆ. ಮೊದಲು ಹೇಳುವ ಕಾರಣ ಬೇರೆಯೇ ಇರುತ್ತದೆ. ನಿದ್ದೆ ಬರಲ್ಲ, ಊಟ ಸೇರಲ್ಲ, ಮೇಲ್ ತೆರೆಯಲು ಭಯ. ಸ್ವಲ್ಪ ಮಾತಾಡುವಷ್ಟರಲ್ಲಿ ಒಳಗಿನ ಪ್ರಶ್ನೆ ಹೊರಗೆ ಬರುತ್ತದೆ: "ನಾನು ಕದ್ದಿದ್ದೀನಾ ಮೇಡಂ?" ಅದಕ್ಕೇ ಒಬ್ಬ ಯುವತಿಯ ಪ್ರಕರಣ ಬರೆಯುತ್ತಿದ್ದೇನೆ. ಆಕೆಯ ಒಪ್ಪಿಗೆ ಇದೆ. ಗುರುತು ಸಿಗುವ ವಿವರ ಬದಲಿಸಿದ್ದೇನೆ.

ಬೆಂಗಳೂರಿನಲ್ಲಿ ಕೆಲಸ. ಕಾಲೇಜಿನ ದಿನಗಳಿಂದ ಬೇರೆ ಹೆಸರಿಟ್ಟುಕೊಂಡು ಅಂತರ್ಜಾಲದಲ್ಲಿ, ಇಂಗ್ಲಿಷಿನಲ್ಲಿ ಹ್ಯಾರಿ ಪಾಟರ್ ಫ್ಯಾನ್ ಫಿಕ್ಷನ್ ಬರೆದವರು. ಒಂದು ಕಥೆಯಲ್ಲಿ, ಹ್ಯಾರಿಯ ಶಾಲೆಯ ಎದುರಾಳಿ ಡ್ರೇಕೋ ಮಾಲ್ಫಾಯ್‌ನನ್ನು ನಾಯಕನನ್ನಾಗಿಸಿ, ಅವನ ಕೈಯಿಂದ ಮಂತ್ರದಂಡ ಕಿತ್ತುಕೊಂಡು, ಆಸ್ಪತ್ರೆಯ ರಾತ್ರಿ ಪಾಳಿಗೆ ಹಾಕಿದ್ದರು. ಓದುಗರು ಮುಗಿಬಿದ್ದರು. ಒಂದು ಪ್ರಕಾಶನ ಸಂಸ್ಥೆ ಕಾದಂಬರಿ ಕೇಳಿತು. ಇವರು ಅದೇ ಕಥೆಯ ಹೆಸರುಗಳನ್ನು ಬದಲಿಸಿ ಕಳಿಸಿದರು. ಒಪ್ಪಿಗೆಯೂ ಬಂತು. ಹಳೆಯ ಕಥೆಯ ಸುದ್ದಿಯನ್ನು ಮಾತ್ರ ಸಂಪಾದಕರಿಗೆ ಹೇಳಿರಲಿಲ್ಲ.

ಮೊದಲ ಭೇಟಿ ಪೂರ್ತಿ ತಮ್ಮ ಪರವಾಗಿಯೇ ವಾದ ಮಾಡಿದರು. 'ಫಿಫ್ಟಿ ಶೇಡ್ಸ್ ಆಫ್ ಗ್ರೇ' ಹುಟ್ಟಿದ್ದೇ 'ಟ್ವೈಲೈಟ್' ಫ್ಯಾನ್ ಫಿಕ್ಷನ್ ಆಗಿ. 2014ರಲ್ಲಿ ಪುಸ್ತಕವಾದ 'ಆಫ್ಟರ್' ಮೊದಲು ವಾಟ್‌ಪ್ಯಾಡ್ ಎಂಬ ಕಥೆಗಳ ಜಾಲತಾಣದಲ್ಲಿತ್ತು, ಅಲ್ಲಿ ನಾಯಕ ಗಾಯಕ ಹ್ಯಾರಿ ಸ್ಟೈಲ್ಸ್. 2021ರ 'ದಿ ಲವ್ ಹೈಪಾಥಿಸಿಸ್' ಜೋಡಿ ಬಂದದ್ದು ಸ್ಟಾರ್ ವಾರ್ಸ್‌ನಿಂದ. "ನಮ್ಮ ಪಂಪ, ಕುಮಾರವ್ಯಾಸ ಕೂಡ ವ್ಯಾಸರಿಂದ್ಲೇ ತಗೊಂಡ್ರಲ್ವಾ?" ಅಂದರು. ಎಲ್ಲವೂ ನಿಜ. ಆದರೆ ಪಂಪ ಯಾರ ಕಥೆ ಎಂಬುದನ್ನು ಮುಚ್ಚಿಡಲಿಲ್ಲ. ಅದು ಅವರಿಗೂ ಗೊತ್ತಿತ್ತು.

ಮುಂದಿನ ಸಲ ಹಸ್ತಪ್ರತಿಯ ಪ್ರಿಂಟ್ ತರಲು ಹೇಳಿದೆ. ಜೋರಾಗಿ ಓದಿ ಎಂದೆ. ನಾಯಕ ಮೊದಲ ಸಲ ವಾರ್ಡಿಗೆ ಬರುವ ಪುಟ. ಅವನನ್ನು ಕಂಡ ಕೂಡಲೇ ನಾಯಕಿ ಸಿಡುಕುತ್ತಾಳೆ. ಅಲ್ಲಿಗೆ ಓದು ನಿಂತಿತು. "ಮೇಡಂ, ಇವಳಿಗೆ ಯಾಕೆ ಸಿಟ್ಟು ಅಂತ ನಾನು ಬರೆದೇ ಇಲ್ಲ!"

ಹಳೆಯ ಕಥೆಯಲ್ಲಿ ಅದನ್ನು ಬರೆಯಬೇಕಾಗಿಯೇ ಇರಲಿಲ್ಲ. ಹ್ಯಾರಿ ಪಾಟರ್ ಓದಿದವರಿಗೆ ಈ ನಾಯಕ, ನಾಯಕಿಯ ಮೂಲ ಪಾತ್ರಗಳ ಶಾಲೆಯ ಜಗಳ ಮೊದಲೇ ಗೊತ್ತು. ಹೆಸರು ತೆಗೆದರೆ ಜಗಳವೂ ಅದರ ಜೊತೆಗೇ ಹೋಗುತ್ತದೆ. ಉಳಿಯುವುದು ಸುಮ್ಸುಮ್ನೆ ರೇಗುವ ಒಬ್ಬ ಹುಡುಗಿ.

ಪೆನ್ಸಿಲ್ ಕೊಟ್ಟೆ. ಮೂಲ ಪುಸ್ತಕ ಓದದವರಿಗೆ ಅರ್ಥವಾಗದ ಸಾಲುಗಳ ಕೆಳಗೆ ಗೆರೆ ಎಳೆಯಿರಿ ಎಂದೆ. ಮೊದಲ ಅಧ್ಯಾಯದ ತುಂಬಾ ಗೆರೆಯೇ ಗೆರೆ. ಕಣ್ಣು ಒರೆಸಿಕೊಂಡು ಪುಟ ತಿರುವಿದರು. ಮಧ್ಯದಲ್ಲೊಂದು ಅಧ್ಯಾಯ. ಅದರಲ್ಲಿ ಒಬ್ಬ ಮುದುಕಿ ಡ್ರಿಪ್‌ನ ಹನಿಗಳನ್ನು ಜಪದ ಹಾಗೆ ಎಣಿಸುತ್ತಾಳೆ. ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ ಶುರು. ನರ್ಸ್ ಬಾಟಲಿ ಬದಲಿಸಲು ಬಂದರೆ ತಡಿ, ತಡಿ ಎನ್ನುತ್ತಾಳೆ. ಅಲ್ಲಿ ಪೆನ್ಸಿಲ್ ಆಡಲೇ ಇಲ್ಲ.

"ಇದು ಯಾರದ್ದು?" ಎಂದೆ.

"ನಮ್ಮಜ್ಜೀದು ಮೇಡಂ. ಆಸ್ಪತ್ರೇಲಿ ರಾತ್ರಿ ಹೊತ್ತು ನಾನೇ ಕೂತಿರ್ತಿದ್ದೆ."

ನನ್ನ ಸಲಹೆ ಅಲ್ಲಿಂದಲೇ ಬಂತು. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಸಂಪಾದಕರಿಗೆ ಎಲ್ಲವನ್ನೂ ಹೇಳಿ. ಗೆರೆ ಬಿದ್ದದ್ದನ್ನು ತೇಪೆ ಹಾಕಿ ಉಳಿಸಬೇಡಿ, ಹೊಸದಾಗಿ ಬರೆಯಿರಿ. ಕರಡು ತಿದ್ದಿಕೊಟ್ಟ ಬೀಟಾ ಓದುಗರಿಗೆ, ಹಳೆಯ ಕಥೆಯನ್ನು ಅಂತರ್ಜಾಲದಿಂದ ತೆಗೆಯುವ ಮೊದಲೇ ತಿಳಿಸಿ. ಒಂದು ಪೈಸೆ ಕೇಳದೆ ದುಡಿದವರು ಅವರು. ಹಕ್ಕುಸ್ವಾಮ್ಯಕ್ಕೆ ವಕೀಲರನ್ನು ಕಾಣಿ. 1957ರ ನಮ್ಮ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಬದುಕಿರುವ ಲೇಖಕಿಯ ಪಾತ್ರಗಳಿಗೆ ವ್ಯಾಸರ ಉದಾಹರಣೆ ಕೊಟ್ಟರೆ ನಡೆಯುವುದಿಲ್ಲ.

ಒಬ್ಬ ಸಹೋದ್ಯೋಗಿ ಇದನ್ನು ಒಪ್ಪಲಿಲ್ಲ. ಆತಂಕ ಇಳಿಸುವುದಷ್ಟೇ ನಮ್ಮ ಕೆಲಸ, ಪುಸ್ತಕ ಕೈತಪ್ಪಿದ್ದರೆ ಯಾರು ಹೊಣೆ ಎಂದರು. ನನಗೆ ಹಾಗನ್ನಿಸುವುದಿಲ್ಲ. ಆಕೆಯ ಆತಂಕಕ್ಕೆ ಸರಿಯಾದ ಕಾರಣವಿತ್ತು. ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸಿದ್ದರೆ, ಪುಸ್ತಕ ಬಂದ ವಾರವೇ ಹಳೆಯ ಓದುಗರು ಸಾಲು ಸಾಲು ಗುರುತು ಹಿಡಿಯುತ್ತಿದ್ದರು. ಆಗ ಅವರ ಜೊತೆ ಯಾರಿರುತ್ತಿದ್ದರು?

"ಸ್ವಂತದ್ದು ಬರೆಯೋಕೆ ಏನು ಕಷ್ಟ?" ಎಂದು ರೇಗುವ ಅಪ್ಪ ಅಮ್ಮಂದಿರಿಗೂ ಒಂದು ಮಾತು. ತನ್ನ ಹೆಸರಲ್ಲೇ ಬರೆಯಲು ಕೂತಿದ್ದರೆ ಈ ಹುಡುಗಿ ಅಜ್ಜಿಯ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. ಡ್ರೇಕೋನ ಹಿಂದೆ ನಿಂತುಕೊಂಡಿದ್ದರಿಂದಲೇ ಧೈರ್ಯ ಬಂತು. ಬೈದು ಬಿಡಿಸಿದರೆ ಡ್ರೇಕೋನ ಕಥೆ, ಅಜ್ಜಿಯ ಕಥೆ ಎರಡೂ ಹೋಗುತ್ತವೆ. ಬರೆದದ್ದನ್ನು ಓದಿ, ಇದು ಎಲ್ಲಿಂದ ಬಂತು ಎಂದು ಕೇಳಿ.

ಸಂಪಾದಕರು ಸಿಟ್ಟಾಗಲಿಲ್ಲ. ಮೊದಲ ಭಾಗ ಪೂರ್ತಿ ಹೊಸದಾಗಿ ಬರೆದುಕೊಡಿ ಎಂದರು. ಪುಸ್ತಕ ಹೊರಬರುವ ದಿನ ಮುಂದಕ್ಕೆ ಹೋಗಿದೆ. ಈಗ ನಿದ್ದೆ ಬರುತ್ತಿದೆ. ಆದರೆ ವರ್ಷಗಟ್ಟಲೆ ಜೊತೆಗಿದ್ದ ಒಬ್ಬ ಬೀಟಾ ಓದುಗ ಗೆಳತಿ ಮಾತು ಬಿಟ್ಟಿದ್ದಾಳೆ. ಈಚಿನ ಭೇಟಿಗಳಲ್ಲಿ ನಾವು ಹೆಚ್ಚಾಗಿ ಮಾತಾಡುವುದು ಅವಳ ಬಗ್ಗೆಯೇ.