ಒಂಬತ್ತನೇ ಕ್ಲಾಸಿಗೆ ಭಿನ್ನರಾಶಿಯೇ ಬರಲ್ಲ, ಏನು ಮಾಡಲಿ?

ಪ್ರಶ್ನೆ: ಬೆಂಗಳೂರಿನ ಕೊಳೆಗೇರಿ ಪಕ್ಕದ ಸರ್ಕಾರಿ ಹೈಸ್ಕೂಲಿಗೆ ಹೋದ ವರ್ಷ ಗಣಿತ ಟೀಚರ್ ಆಗಿ ಸೇರಿದೆ. ಒಂಬತ್ತನೇ ಕ್ಲಾಸಿನಲ್ಲಿ ಹೊಡೆದಾಟ, ಚಕ್ಕರ್, ನಿದ್ದೆ. ಅರ್ಧ ಜನಕ್ಕೆ ಭಿನ್ನರಾಶಿಯೇ ಬರಲ್ಲ. ಲಾಸ್ ಏಂಜಲೀಸಿನ ಮೇಷ್ಟ್ರೊಬ್ಬರು ಬಡ ಬಡಾವಣೆಯ ಮಕ್ಕಳಿಗೆ ಕಾಲೇಜು ಮಟ್ಟದ ಗಣಿತ, ಕ್ಯಾಲ್ಕುಲಸ್ಸೇ ಕಲಿಸಿದರಂತೆ. ನನ್ನ ಕೈಲಿ ಯಾಕೆ ಆಗ್ತಿಲ್ಲ ಮೇಡಂ?
– ಒಬ್ಬ ಶಿಕ್ಷಕಿ, ಬೆಂಗಳೂರು

ಉತ್ತರ: ಅವರ ಹೆಸರು ಹೈಮೆ ಎಸ್ಕಲಾಂಟೆ, ಬೊಲಿವಿಯಾದವರು. 1982ರಲ್ಲಿ ಅವರ 18 ಮಕ್ಕಳು ಕ್ಯಾಲ್ಕುಲಸ್ ಪಾಸಾದಾಗ, ಪರೀಕ್ಷೆ ನಡೆಸಿದವರೇ ನಂಬಲಿಲ್ಲ. ಕಾಪಿ ಅಂತ 14 ಜನರ ಮೇಲೆ ಅನುಮಾನಪಟ್ಟರು. ಅವರಲ್ಲಿ 12 ಮಕ್ಕಳು ಮತ್ತೆ ಕೂತು ಬರೆದರು, ಅಷ್ಟೂ ಜನ ಪಾಸು! ಎಲ್ಲರೂ ಹೇಳೋದು ಈ ಕತೆಯನ್ನೇ. ಆದರೆ ಅವರು ಆ ಗಾರ್ಫೀಲ್ಡ್ ಸ್ಕೂಲಿಗೆ ಸೇರಿದ್ದು 1974ರಲ್ಲಿ. ಕ್ಯಾಲ್ಕುಲಸ್ ಶುರುವಾಗಿದ್ದೇ 1978ರಲ್ಲಿ, ಅದೂ ಬೆರಳೆಣಿಕೆಯ ಮಕ್ಕಳಿಗೆ. ಕೆಳಗಿನ ಕ್ಲಾಸುಗಳ ಗಣಿತ ಗಟ್ಟಿ ಮಾಡಿದರು, ಬೇಸಿಗೆ ರಜೆಯಲ್ಲೂ ಪಾಠ ನಡೆಸಿದರು. ಬೆನ್ನಿಗೆ ನಿಂತ ಹೆಡ್‌ಮಾಸ್ತರೂ ಸಿಕ್ಕರು. ನೀವು ಒಂದೇ ವರ್ಷಕ್ಕೆ ಲೆಕ್ಕ ಕೇಳ್ತಿದ್ದೀರಲ್ಲ!

ನಿದ್ದೆ ಮಾಡೋರನ್ನು ಬೈಯೋ ಮೊದಲು ಬೆಳಗ್ಗೆ ಎಲ್ಲಿದ್ದರು ಅಂತ ಕೇಳಿ. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ. ನಸುಕಿಗೇ ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿನ ಮೂಟೆ ಇಳಿಸಿ, ಅಂಗಿ ತುಂಬ ಸೇವಂತಿಗೆ ವಾಸನೆ ಹೊತ್ತು ಬರುತ್ತಿದ್ದ. ಮುಕ್ಕಾಲು ಕೆ.ಜಿ. ಕನಕಾಂಬರಕ್ಕೆ ಎಷ್ಟು ಅಂದರೆ ಥಟ್ಟನೆ ಹೇಳೋನು. ಬೋರ್ಡಿನ ಮೇಲೆ ಮೂರರ ಕೆಳಗೆ ಗೆರೆ ಎಳೆದು ನಾಲ್ಕು ಬರೆದರೆ ತಲೆ ತಗ್ಗಿಸೋನು. ಅವನಿಗೋಸ್ಕರ ಹೆಡ್‌ಮಾಸ್ತರ ಹತ್ತಿರ ಜಗಳ ಆಡಿ ಗಣಿತವನ್ನು ಮೊದಲ ಪೀರಿಯಡ್‌ನಿಂದ ಊಟದ ನಂತರಕ್ಕೆ ಹಾಕಿಸಿಕೊಂಡೆ. ಉಂಡ ಮೇಲೆ ಮಕ್ಕಳು ತೂಕಡಿಸ್ತಾರೆ ಅಂತ ಸ್ಟಾಫ್ ರೂಮಿನಲ್ಲಿ ನಕ್ಕರು. ಇವನು ಮಾತ್ರ ಊಟದ ಮುಂಚೆಯೇ ಒಂದು ನಿದ್ದೆ ಮುಗಿಸಿರುತ್ತಿದ್ದ. ಹೂವಿನ ರೇಟಿನಿಂದಲೇ ಭಿನ್ನರಾಶಿ ಶುರು ಮಾಡಿದೆವು.

ಹೊಡೆದಾಟದವರನ್ನು ಎಲ್ಲರ ಎದುರು ಪಂಚಾಯ್ತಿಗೆ ನಿಲ್ಲಿಸಬೇಡಿ. ಆಮೇಲೆ ಕರೆದು ಒಬ್ಬೊಬ್ಬರನ್ನೇ ಮಾತಾಡಿಸಿ, ಸಾಕು.

ಈ ಜೂನ್‌ನಲ್ಲಿ ಎಂಟನೇ ಕ್ಲಾಸನ್ನೇ ಕೇಳಿ ತಗೊಳ್ಳಿ. ವರ್ಷದ ಶುರುವಿನಲ್ಲಿ ಹಿಂದಿನ ಕ್ಲಾಸಿನ ಕಲಿಕೆ ಪರೀಕ್ಷಿಸಿ ಸರಿಮಾಡೋ ಸೇತುಬಂಧವನ್ನು ಸುಮ್ನೆ ಫಾರಂ ತುಂಬಿಸಿ ಮುಗಿಸಬೇಡಿ, ಯಾರು ಎಲ್ಲಿ ನಿಂತಿದ್ದಾರೆ ಅಂತ ಅಲ್ಲೇ ಗೊತ್ತಾಗುತ್ತೆ. ಅದೇ ಮಕ್ಕಳನ್ನು ಎಸ್ಸೆಸ್ಸೆಲ್ಸಿವರೆಗೂ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಹೆಡ್‌ಮಾಸ್ತರು ಒಪ್ಪದಿದ್ದರೆ ಇನ್ನೊಂದು ಸಲ ಬರೀರಿ, ಅವರನ್ನು ಒಪ್ಪಿಸೋ ದಾರಿ ಹೇಳ್ತೀನಿ.