ಸಾಗುವಾನಿ ಮೇಜಿನ ಮೇಲೆ ಬಿಳಿ ಕಲೆ

ಪ್ರಶ್ನೆ: ಅಕ್ಕಾ, ನಮ್ಮ ಮಾವನವರ ಕಾಲದ ಸಾಗುವಾನಿ ಊಟದ ಮೇಜು ಇದೆ. ಹೋದ ವಾರ ನೆಂಟರು ಬಂದಿದ್ದಾಗ ಗಡಿಬಿಡಿಯಲ್ಲಿ ಸಾರಿನ ಪಾತ್ರೆಯನ್ನು ಒಲೆಯಿಂದ ಇಳಿಸಿ ಹಾಗೇ ಅದರ ಮೇಲಿಟ್ಟುಬಿಟ್ಟೆ. ಎತ್ತಿ ನೋಡಿದರೆ ತಟ್ಟೆಯಗಲ ಬಿಳಿ ಗುರುತು. ಒದ್ದೆ ಬಟ್ಟೆಯಲ್ಲಿ ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಪೂರ್ತಿ ಕೆರೆದು ಹೊಸದಾಗಿ ಪಾಲಿಶ್ ಹಾಕಬೇಕು ಅಂತಾರೆ ಬಡಗಿ. ಮನೆಯಲ್ಲೇ ಏನಾದರೂ ಮಾಡಬಹುದಾ?
– ಓದುಗರು, ಸಾಗರ

ಉತ್ತರ: ಮೊದಲು ಆ ಒದ್ದೆ ಬಟ್ಟೆ ಪಕ್ಕಕ್ಕಿಡಿ, ಕಲೆ ಆಗಿರುವುದೇ ನೀರಿನ ಪಸೆಯಿಂದ. ಬೆಳ್ಳಗಿದೆ ಅಂದಮೇಲೆ ಮರಕ್ಕೆ ಏನೂ ಆಗಿಲ್ಲ, ಸಮಾಧಾನ ಮಾಡಿಕೊಳ್ಳಿ. ಹಳೇ ಮೇಜುಗಳಿಗೆ ಸಾಮಾನ್ಯವಾಗಿ ಹಾಕುತ್ತಿದ್ದದ್ದು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಲ್ಲಿ ಮತ್ತೆ ಮತ್ತೆ ಸವರುವ ಪಾಲಿಶ್. ಬಿಸಿ ತಾಗಿದರೆ ಅರಗು ಮೆತ್ತಗಾಗುತ್ತದೆ, ಪಾತ್ರೆಯಡಿಯ ಹಬೆ ಅದರೊಳಗೆ ಸೇರಿ ಸಿಕ್ಕಿಹಾಕಿಕೊಳ್ಳುತ್ತದೆ. ಮಂಜು ಕವಿದ ಹಾಗೆ ಕಾಣುವುದು ಅದೇ.

ಆ ಪಸೆ ಹೊರಗೆ ಬರಬೇಕು, ಅಷ್ಟೇ. ಇಸ್ತ್ರಿಪೆಟ್ಟಿಗೆಯಲ್ಲಿ ನೀರಿದ್ದರೆ ಚೆಲ್ಲಿ, ಹಬೆ ಬರದಂತೆ ಮಾಡಿ, ಎಲ್ಲಕ್ಕಿಂತ ಕಡಿಮೆ ಬಿಸಿಗೆ ಇಡಿ. ಕಲೆಯ ಮೇಲೆ ಒಣಗಿದ ಹಳೇ ಪಂಚೆ ತುಂಡನ್ನು ಎರಡು ಮಡಿಕೆ ಮಾಡಿ ಹಾಸಿ. ಬಣ್ಣದ ಬಟ್ಟೆ ಬೇಡ. ಇಸ್ತ್ರಿಪೆಟ್ಟಿಗೆ ಒಂದೇ ಕಡೆ ಊರಬೇಡಿ, ಐದಾರು ಸೆಕೆಂಡು ಆಡಿಸಿ, ಎತ್ತಿ, ಬಟ್ಟೆ ಸರಿಸಿ ನೋಡಿ, ಮತ್ತೆ ಹಾಸಿ. ಅಂಚಿನಿಂದ ಬಿಳಿ ಕರಗುತ್ತಾ ಒಳಗೆ ಸರಿಯುತ್ತದೆ, ಕೆಳಗಿನ ಮರದ ಗೆರೆ ಒಂದೊಂದಾಗಿ ಕಾಣಿಸಿಕೊಳ್ಳುತ್ತದೆ. ಬಟ್ಟೆ ಸ್ವಲ್ಪ ಅಂಟಿದ ಹಾಗೆ ಅನಿಸಿದರೂ ತಕ್ಷಣ ನಿಲ್ಲಿಸಿ, ಅರಗು ಕರಗುತ್ತಿದೆ ಅಂತ ಅರ್ಥ. ಪೂರ್ತಿ ಆರಿದ ಮೇಲೆ ಮತ್ತೆ ಶುರು ಮಾಡಿ. ನಿಮ್ಮ ಕಡೆ ಮಳೆಗಾಲದಲ್ಲಿ ಗಾಳಿಯೆಲ್ಲಾ ಥಂಡಿ ಅಲ್ವಾ, ಬಿಸಿಲು ಬಿದ್ದ ದಿನ ನೋಡಿಕೊಂಡು ಮಾಡಿ.

ಇಸ್ತ್ರಿಗೆ ಭಯ ಅನಿಸಿದರೆ ಕೂದಲು ಒಣಗಿಸುವ ಡ್ರೈಯರ್ ಆಗುತ್ತದೆ, ಸಮಯ ಮಾತ್ರ ಜಾಸ್ತಿ ಬೇಕು. ಆಮೇಲೂ ತೆಳ್ಳಗೆ ಮಬ್ಬು ಉಳಿದರೆ ವ್ಯಾಸಲೀನ್ ಹಚ್ಚಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಒಣಬಟ್ಟೆಯಲ್ಲಿ ಒರೆಸಿ. ಟೂತ್‌ಪೇಸ್ಟ್ ಹಚ್ಚಿ ತಿಕ್ಕಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಪಾಲಿಶನ್ನೇ ಸವೆಸುತ್ತದೆ, ನಾನಂತೂ ಬೇಡ ಅಂತೀನಿ.

ಬಡಗಿ ಹೇಳಿದ್ದು ಸುಮ್ನೆ ಅಲ್ಲ, ಕಲೆ ಕಪ್ಪಗಿದ್ದಿದ್ದರೆ ನೀರು ಮರದೊಳಕ್ಕೇ ಇಳಿದಿರುತ್ತಿತ್ತು, ಆಗ ಕೆರೆಯಲೇಬೇಕು. ಇದಕ್ಕೆ ಅದು ಬೇಕಿಲ್ಲ. ಮಾವನವರ ಕಾಲದ ಪಾಲಿಶ್‌ಗೆ ವರ್ಷಗಳ ಮೇಲೆ ಬಂದ ಆ ಕೆಂಪು ಹೊಳಪು ಒಂದು ಸಲ ಕೆರೆದರೆ ಹೋಯಿತು, ಹೊಸ ಪಾಲಿಶ್‌ನಲ್ಲಿ ಅದು ಬರುವುದಿಲ್ಲ. ಹಾಗಾಗಿ ಇಸ್ತ್ರಿಯನ್ನು ಎರಡು ಮೂರು ದಿನ ಬಿಟ್ಟು ಬಿಟ್ಟು ಪ್ರಯತ್ನಿಸಿ, ಆಮೇಲೆ ಬಡಗಿಯನ್ನು ಕರೆದರಾಯಿತು. ಮೇಜಿನ ಮೇಲೆ ಈಗಲೇ ಒಂದು ಸಿಂಬಿ ಇಟ್ಟುಬಿಡಿ.